ಮುಂದೆ ಎರಡು ಸ್ಪೀಕರ್, ಹಿಂದೆ ನಿಮ್ಮದೇ ಗೋಡೆ

ಹತ್ತು ವರ್ಷದ ಹಿಂದೆ ನಾನೂ ಒಂದು 5.1 ಸೆಟ್ ತಂದಿದ್ದೆ. ಮುಂದೆ ಮೂರು, ಹಿಂದೆ ಎರಡು, ಮೂಲೆಯಲ್ಲಿ ತಗ್ಗಿನ ಸ್ವರಗಳಿಗೆಂದೇ ಒಂದು ಸಬ್‌ವೂಫರ್. ಹಿಂದಿನ ಎರಡಕ್ಕೆ ಜಾಗ ಸಿಗದೆ ಒಂದನ್ನು ಬೀರುವಿನ ಮೇಲಿಟ್ಟೆ, ಇನ್ನೊಂದನ್ನು ಕಿಟಕಿ ಪಕ್ಕದ ಮೊಳೆಗೆ ನೇತುಹಾಕಿದೆ. ಸಿನಿಮಾಕ್ಕೆ ಸೊಗಸಾಗಿತ್ತು. ಒಂದು ರಾತ್ರಿ ಪಿಟೀಲು ಕಛೇರಿಯ ಸಿಡಿ ಹಾಕಿ ಕೂತಾಗ ಮಾತ್ರ ಏನೋ ಸರಿ ಇಲ್ಲ ಅನ್ನಿಸಿತು. ಪಿಟೀಲು ಎಲ್ಲಿಂದ ಬರುತ್ತಿದೆ ಅಂತಲೇ ಗೊತ್ತಾಗುತ್ತಿಲ್ಲ. ಎದುರಿಗೂ ಇದೆ, ಬೀರುವಿನ ಮೇಲೂ ಇದೆ. ಬಾವಿಯೊಳಗೆ ಕೂತು ನುಡಿಸಿದ ಹಾಗೆ. ರಿಮೋಟ್ ಹಿಡಿದು ನೋಡಿದರೆ ಆಂಪ್ಲಿಫಯರ್ 'ಹಾಲ್' ಅನ್ನುವ ಮೋಡ್‌ನಲ್ಲಿತ್ತು. ಯಾವಾಗ ಒತ್ತಿದ್ದೆನೋ, ತಿಂಗಳುಗಟ್ಟಲೆ ಹಾಗೇ ಇತ್ತು. ಸ್ಟೀರಿಯೋ ಬಟನ್ ಒತ್ತಿದೆ. ಹಿಂದಿನವೆರಡೂ ಬಾಯಿ ಮುಚ್ಚಿದವು, ಪಿಟೀಲು ಬಂದು ಎದುರಿಗೆ ಕೂತಿತು.

ಅವತ್ತೇ ತೀರ್ಮಾನ ಮಾಡಿಬಿಟ್ಟೆ: ಸುತ್ತಲೂ ಸ್ಪೀಕರ್ ಇರುವ ಸರೌಂಡ್ ಸಿನಿಮಾಕ್ಕೆ, ಎದುರಿಗೆ ಎರಡೇ ಇರುವ ಸ್ಟೀರಿಯೋ ಸಂಗೀತಕ್ಕೆ. ಕೇಳಿದವರಿಗೆಲ್ಲ ಹಾಗೇ ಹೇಳುತ್ತಿದ್ದೆ. ಆಮೇಲೆ ಒಂದಿಷ್ಟು ಓದಿ, ಬೇರೆಯವರ ಮನೆಯಲ್ಲಿ ಕೇಳಿ, ನನ್ನ ಕೋಣೆಯಲ್ಲೇ ಸ್ಪೀಕರ್‌ಗಳನ್ನು ಅಲ್ಲಿಂದ ಇಲ್ಲಿಗೆ ಇಲ್ಲಿಂದ ಅಲ್ಲಿಗೆ ಎಳೆದಾಡಿ ಮನೆಯವರ ಹತ್ತಿರ ಬೈಸಿಕೊಂಡ ಮೇಲೆ ಗೊತ್ತಾಯಿತು, ಆ ತೀರ್ಮಾನ ಅರ್ಧ ಮಾತ್ರ ಸರಿ. ಎರಡಾ ಐದಾ ಅಂತ ಲೆಕ್ಕ ಹಾಕುವ ಗಲಾಟೆಯಲ್ಲಿ ನಾನು ಕೋಣೆಯನ್ನೇ ಮರೆತಿದ್ದೆ.

ಮೊದಲು ಒಂದು ಪ್ರಶ್ನೆ. ಸ್ಟೀರಿಯೋಗೆ ಎರಡೇ ಸ್ಪೀಕರ್ ಯಾಕೆ? ಯಾರನ್ನೇ ಕೇಳಿ, ನಮಗಿರುವುದು ಎರಡೇ ಕಿವಿ ಅಲ್ವಾ ಅನ್ನುತ್ತಾರೆ. ಹೆಡ್‌ಫೋನ್‌ಗಾದರೆ ಆ ಮಾತು ಸರಿ. ಎಡದ್ದು ಎಡ ಕಿವಿಗೆ, ಬಲದ್ದು ಬಲ ಕಿವಿಗೆ, ಅಲ್ಲಿಗೆ ಮುಗಿಯಿತು. ಸ್ಪೀಕರ್ ಇಟ್ಟಾಗ ಹಾಗಾಗುವುದಿಲ್ಲ. ಎಡ ಸ್ಪೀಕರ್‌ನ ಶಬ್ದ ಎರಡೂ ಕಿವಿಗೆ ಬರುತ್ತದೆ, ಬಲದ್ದೂ ಅಷ್ಟೇ. ಹಾಗಾದರೆ ಎರಡೇ ಯಾಕೆ? ಹಳೇ ಒಂದು ಪ್ರಯೋಗ ನೋಡಿ. 1933ರ ಏಪ್ರಿಲ್ 27ರಂದು ಅಮೆರಿಕದ ಫೋನ್ ಕಂಪನಿಯ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಎಂಜಿನಿಯರುಗಳು ಫಿಲಡೆಲ್ಫಿಯಾದಲ್ಲಿ ನುಡಿಯುತ್ತಿದ್ದ ಆರ್ಕೆಸ್ಟ್ರಾವನ್ನು ಫೋನ್ ಲೈನಿನ ಮೇಲೆ ವಾಷಿಂಗ್ಟನ್‌ನ ಸಭಾಂಗಣಕ್ಕೆ ಕಳಿಸಿ ಅಲ್ಲಿ ಕೂತವರಿಗೆ ಕೇಳಿಸಿದರು. ಆರ್ಕೆಸ್ಟ್ರಾದ ಕಂಡಕ್ಟರ್ ಲಿಯೊಪೋಲ್ಡ್ ಸ್ಟೊಕೊವ್‌ಸ್ಕಿ ಅವತ್ತು ವೇದಿಕೆ ಬಿಟ್ಟು ವಾಷಿಂಗ್ಟನ್‌ನಲ್ಲಿ ಕೂತು ಶಬ್ದದ ಗುಂಡಿ ತಿರುಗಿಸಿದರು. ಅಲ್ಲಿ ಬಳಸಿದ್ದು ಮೂರು ಮೈಕು, ಮೂರು ಲೈನು, ಮೂರು ಕಡೆ ಸ್ಪೀಕರ್. ಅವರ ಲೆಕ್ಕದಲ್ಲಿ ವೇದಿಕೆಯ ಉದ್ದಕ್ಕೂ ಪರದೆ ಇಳಿಬಿಟ್ಟ ಹಾಗೆ ಸಾಲು ಮೈಕು, ಈ ಕಡೆ ಅಷ್ಟೇ ಸಾಲು ಸ್ಪೀಕರ್ ಇರಬೇಕು. ಅದು ಆಗದ ಮಾತು. ಹಾಗಾಗಿ ಮೂರಕ್ಕೆ ಇಳಿದರು. ಎರಡಕ್ಕಲ್ಲ.

ಮೂರು ಎರಡಾಗಿದ್ದು ಎಲ್‌ಪಿ ರೆಕಾರ್ಡಿನಿಂದ. ರೆಕಾರ್ಡಿನ ಗೀರು ಇಂಗ್ಲಿಷಿನ ವಿ ಅಕ್ಷರದ ಹಾಗಿರುತ್ತದೆ. ಒಂದು ಗೋಡೆಯಲ್ಲಿ ಎಡ ಚಾನೆಲ್, ಅಂದರೆ ಎಡ ಸ್ಪೀಕರ್‌ಗೆ ಹೋಗುವ ಶಬ್ದ, ಇನ್ನೊಂದು ಗೋಡೆಯಲ್ಲಿ ಬಲ ಚಾನೆಲ್. ಮುಳ್ಳು ಎರಡನ್ನೂ ಒಟ್ಟಿಗೆ ಓದುತ್ತದೆ. 1957ರ ಕೊನೆಯಿಂದ 1958ರ ಹೊತ್ತಿಗೆ ಇಂಥ ರೆಕಾರ್ಡು ಅಂಗಡಿಗೆ ಬಂತು. ಗೀರಿಗೆ ಇರುವುದೇ ಎರಡು ಗೋಡೆ, ಮೂರನೆಯದನ್ನು ಎಲ್ಲಿ ಕೆತ್ತುವುದು? ಅಷ್ಟರಲ್ಲಿ ಆರ್‌ಸಿಎ, ಮರ್ಕ್ಯುರಿಯಂಥ ಕಂಪನಿಗಳು ಆರ್ಕೆಸ್ಟ್ರಾಗಳನ್ನು ಮೂರು ಟ್ರ್ಯಾಕ್‌ನ ಟೇಪಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಶುರು ಮಾಡಿದ್ದವು. ಅವನ್ನು ಎರಡಕ್ಕೆ ಕುಗ್ಗಿಸಿ ಮಾರಿದರು. ಸುಮಾರು ಐವತ್ತು ವರ್ಷ ಆದ ಮೇಲೆ ಅವೇ ಟೇಪುಗಳು ಎರಡಕ್ಕಿಂತ ಹೆಚ್ಚು ಚಾನೆಲ್ ಹಿಡಿಸುವ ಸೂಪರ್ ಆಡಿಯೋ ಸಿಡಿಯಾಗಿ ಮೂರು ಚಾನೆಲ್‌ನಲ್ಲೇ ಹೊರಬಂದವು. ಸಿಕ್ಕರೆ ಕೇಳಿ ನೋಡಿ. ಹಿಂದಿನ ಸ್ಪೀಕರ್ ಸುಮ್ಮನಿರುತ್ತವೆ, ಮುಂದಿನ ಮೂರು ಮಾತ್ರ ನುಡಿಯುತ್ತವೆ.

ಇನ್ನೊಂದು ತಮಾಷೆ ಇದೆ. ಸ್ಟೀರಿಯೋ ಸಂಗೀತದ್ದು, ಸರೌಂಡ್ ಸಿನಿಮಾದ್ದು ಅಂದೆನಲ್ಲ? ಸ್ಟೀರಿಯೋ ಹುಟ್ಟಿದ್ದೂ ಸಿನಿಮಾದಿಂದಲೇ. ಲಂಡನ್ನಿನಲ್ಲಿ ಇಎಂಐ ಕಂಪನಿಯ ಎಂಜಿನಿಯರ್ ಅಲನ್ ಬ್ಲೂಮ್‌ಲೈನ್ 1931ರಲ್ಲಿ ಹೆಂಡತಿಯ ಜೊತೆ ಸಿನಿಮಾಕ್ಕೆ ಹೋಗಿದ್ದಾಗ ನಟ ತೆರೆಯ ಈ ತುದಿಯಿಂದ ಆ ತುದಿಗೆ ನಡೆದರೂ ಅವನ ದನಿ ಮಾತ್ರ ಇದ್ದಲ್ಲೇ ಇತ್ತಂತೆ. ದನಿಯೂ ಅವನ ಹಿಂದೆ ಹೋಗುವ ಹಾಗೆ ಮಾಡುತ್ತೇನೆ ಅಂತ ಆಗಲೇ ಹೆಂಡತಿಗೆ ಹೇಳಿದರು ಅಂತ ಕಥೆ. ಆ ವರ್ಷ ಡಿಸೆಂಬರ್‌ನಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಗೀರಿನ ಎರಡು ಗೋಡೆಯ ಉಪಾಯ ಕೂಡ ಆ ಅರ್ಜಿಯಲ್ಲೇ ಇದೆ. ಅದು ಮನೆಮನೆಗೆ ಬಂದಿದ್ದನ್ನು ಅವರು ನೋಡಲಿಲ್ಲ. 1942ರಲ್ಲಿ ರೇಡಾರ್ ಪರೀಕ್ಷೆಗೆ ಹಾರಿದ್ದ ವಿಮಾನ ಬಿದ್ದು ತೀರಿಕೊಂಡರು. ಆಗ ಅವರಿಗೆ 38 ವರ್ಷ.

ಈಗ ಸ್ಟೀರಿಯೋ ಮಾಡುವ ಮೋಡಿ ಏನು ಅಂತ ನೋಡೋಣ. ಬಲಗಡೆಯಿಂದ ಬಂದ ಶಬ್ದ ಬಲ ಕಿವಿಗೆ ಮೊದಲು ಮುಟ್ಟುತ್ತದೆ, ಎಡ ಕಿವಿಗೆ ಒಂಚೂರು ತಡ. ಎಷ್ಟು ತಡ ಅಂದರೆ ಹೆಚ್ಚೆಂದರೆ 0.7 ಮಿಲಿಸೆಕೆಂಡು. ಜೊತೆಗೆ ತಲೆ ಅಡ್ಡ ಇರುವುದರಿಂದ ಮೇಲಿನ ಸ್ವರಗಳು ಆ ಕಿವಿಯಲ್ಲಿ ಕೊಂಚ ಮೆತ್ತಗಾಗುತ್ತವೆ. ಇಷ್ಟನ್ನೇ ಹಿಡಿದುಕೊಂಡು ಮಿದುಳು ಶಬ್ದ ಯಾವ ದಿಕ್ಕಿನದು ಅಂತ ಹೇಳಿಬಿಡುತ್ತದೆ. ಎರಡು ಸ್ಪೀಕರ್‌ನಿಂದಲೂ ಒಂದೇ ಶಬ್ದ ಒಂದೇ ಜೋರಿನಲ್ಲಿ ಬಂದರೆ ಎರಡು ಕಿವಿಗೂ ಏನೂ ವ್ಯತ್ಯಾಸ ಕಾಣದೆ ಮಿದುಳು ಮೋಸಹೋಗಿ, ಶಬ್ದ ನಟ್ಟನಡುವೆ ಇದೆ ಅನ್ನುತ್ತದೆ. ಎಡದಲ್ಲಿ ಜೋರು ಮಾಡಿ, ಆ ಕಡೆ ಸರಿಯುತ್ತದೆ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ಸಾಮಾನ್ಯವಾಗಿ ಹಾಡುವವರ ಎಡಕ್ಕೆ ಪಿಟೀಲು, ಬಲಕ್ಕೆ ಮೃದಂಗ. ಅಂದರೆ ನಮಗೆ ಪಿಟೀಲು ಬಲಗಡೆ, ಮೃದಂಗ ಎಡಗಡೆ. ಮೃದಂಗದವರು ಹಾಡುವವರ ಕಡೆ ತಿರುಗಿ ಕೂರುವುದರಿಂದ ಅದರ ಬಲಮುಖ ಸಭೆಯ ಕಡೆ ಇರುತ್ತದೆ. ಚೆನ್ನಾಗಿ ಹಿಡಿದ ರೆಕಾರ್ಡಿಂಗ್‌ನಲ್ಲಿ ಕಣ್ಣು ಮುಚ್ಚಿದರೆ ಇದೆಲ್ಲ ಎದುರಿಗೆ ನಿಲ್ಲುತ್ತದೆ, ನಡುವೆ ಹಾಡುವವರ ಮುಖ ಇರಬೇಕಾದ ಎತ್ತರದಲ್ಲೇ ದನಿ. ಕಣ್ಣು ಬಿಟ್ಟರೆ ಅಲ್ಲಿ ಟಿವಿ ಸ್ಟ್ಯಾಂಡ್.

ಆದರೆ ಇದು ಮೋಡಿಯೇ. ನಡುವೆ ಕೂರಬೇಕು. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸೇರಿ ಮೂರು ಭುಜವೂ ಸಮನಾದ ತ್ರಿಕೋನ ಆಗಬೇಕು. ಒಂದಡಿ ಪಕ್ಕಕ್ಕೆ ಸರಿದಿರೋ, ಹಾಡುವವರು ಎದ್ದು ಹತ್ತಿರದ ಸ್ಪೀಕರ್ ಒಳಗೆ ಹೋಗಿ ಕೂತುಬಿಡುತ್ತಾರೆ. ಸೋಫಾದಲ್ಲಿ ಮೂವರು ಕೂತರೆ ಸ್ಟೀರಿಯೋ ಒಬ್ಬರಿಗೆ ಮಾತ್ರ. ಇನ್ನೊಂದು ಕೊರತೆಯನ್ನು ಕಡಿಮೆ ಜನ ಗಮನಿಸುತ್ತಾರೆ. ನಡುವಿನ ಆ ದನಿಯನ್ನು ನಿಮ್ಮ ಎಡ ಕಿವಿ ಎರಡು ಸಲ ಕೇಳುತ್ತದೆ, ಎಡ ಸ್ಪೀಕರ್‌ನಿಂದ ಒಮ್ಮೆ, ಸುಮಾರು ಕಾಲು ಮಿಲಿಸೆಕೆಂಡು ಬಿಟ್ಟು ಬಲ ಸ್ಪೀಕರ್‌ನಿಂದ ಇನ್ನೊಮ್ಮೆ. ಬಲ ಕಿವಿಗೂ ಹೀಗೇ. ಈ ಎರಡು ಒಂದಕ್ಕೊಂದು ಅಡ್ಡ ಬಂದು 2000 ಹರ್ಟ್ಸ್ (ಸೆಕೆಂಡಿಗೆ 2000 ಕಂಪನ) ಸುತ್ತಮುತ್ತ ಶಬ್ದ ಸ್ವಲ್ಪ ತಗ್ಗುತ್ತದೆ. ಸಾಹಿತ್ಯದ ಅಕ್ಷರಗಳು ಸ್ಪಷ್ಟವಾಗಿ ಕೇಳಬೇಕಾದರೆ ಮುಖ್ಯವಾದ ಜಾಗ ಅದೇ. ನಡುವೆ ನಿಜವಾದ ಒಂದು ಸ್ಪೀಕರ್ ಇದ್ದರೆ ಈ ಎರಡೂ ತೊಂದರೆ ಇಲ್ಲ. ಬೆಲ್ ಲ್ಯಾಬ್ಸ್‌ನವರು ಮೂರು ಅಂದಿದ್ದು ಸುಮ್ನೆ ಅಲ್ಲ.

ಸರಿ, ಮುಂದಿನದಾಯಿತು. ಹಿಂದಿನದು?

ಒಂದು ದೊಡ್ಡ ಸಭಾಂಗಣದಲ್ಲಿ ಮೈಕಿಲ್ಲದೆ ಸಂಗೀತ ನಡೆಯುತ್ತಿದೆ ಅಂದುಕೊಳ್ಳಿ. ನಡುವಿನ ಸಾಲಿನಲ್ಲಿ ಕೂತ ನಿಮಗೆ ವೇದಿಕೆಯಿಂದ ನೇರ ಬರುವ ಶಬ್ದ ಸ್ವಲ್ಪ. ಹೆಚ್ಚಿನ ಪಾಲು ಪಕ್ಕದ ಗೋಡೆ, ಚಾವಣಿ, ಹಿಂದಿನ ಗೋಡೆಗಳಿಗೆ ಬಡಿದು ಬರುವಂಥದ್ದು. ಅದರಲ್ಲೂ ಪಕ್ಕದಿಂದ ಬರುವ ಶಬ್ದವೇ ನಾವು ಸಂಗೀತದ ಒಳಗೆ ಕೂತಿದ್ದೇವೆ ಅನ್ನಿಸುವ ಹಾಗೆ ಮಾಡುವುದು. ವಿಯೆನ್ನಾದ ಮುಸಿಕ್‌ಫೆರೈನ್ ಸಭಾಂಗಣಕ್ಕೆ ಅಷ್ಟು ಹೆಸರಿರುವುದು ಇದಕ್ಕೇ. ಉದ್ದಕ್ಕೆ ಕಿರಿದಾದ ಹಾಲ್, ಪಕ್ಕದ ಗೋಡೆಗಳು ಹತ್ತಿರ. ಸ್ಟೀರಿಯೋದಲ್ಲಿ ಈ ಸಭಾಂಗಣದ ನಾದ ಕೂಡ ರೆಕಾರ್ಡ್ ಆಗಿರುತ್ತದೆ, ಇಲ್ಲ ಅನ್ನುವಂತಿಲ್ಲ. ಆದರೆ ಪಕ್ಕದಿಂದ ಹಿಂದಿನಿಂದ ಬರಬೇಕಾದದ್ದೆಲ್ಲ ಎದುರಿನ ಎರಡು ಡಬ್ಬದಿಂದಲೇ ಬರುತ್ತದೆ. ಕಿಟಕಿಯಲ್ಲಿ ಕೂತು ಮಳೆ ನೋಡಿದ ಹಾಗೆ. ಮಳೆ ಕಾಣುತ್ತದೆ, ಮೈ ನೆನೆಯುವುದಿಲ್ಲ.

ಹಾಗಾದರೆ ಸ್ಟೀರಿಯೋ ಕೇಳುವಾಗ ಪಕ್ಕದಿಂದ, ಹಿಂದಿನಿಂದ ಏನೂ ಬರುವುದಿಲ್ಲವಾ? ಬರುತ್ತದೆ. ನಿಮ್ಮ ಗೋಡೆಯಿಂದ ಬರುತ್ತದೆ. ಅಂದರೆ ಸರೌಂಡ್ ಬೇಡ ಅಂತ ಎರಡೇ ಸ್ಪೀಕರ್ ಇಟ್ಟುಕೊಂಡವರ ಮನೆಯಲ್ಲೂ ಸರೌಂಡ್ ಇದ್ದೇ ಇದೆ. ಅದನ್ನು ಮಾಡುತ್ತಿರುವುದು ರೆಕಾರ್ಡಿಂಗ್ ಎಂಜಿನಿಯರ್ ಅಲ್ಲ, ನಿಮ್ಮ ಮನೆ ಕಟ್ಟಿದ ಮೇಸ್ತ್ರಿ.

ನಮ್ಮ ಮೇಸ್ತ್ರಿಗಳ ಕೆಲಸ ಹೇಗಿರುತ್ತದೆ ನೋಡಿ. ನೆಲಕ್ಕೆ ಟೈಲ್ಸ್ ಅಥವಾ ಗ್ರಾನೈಟ್, ನಾಲ್ಕೂ ಕಡೆ ಸಿಮೆಂಟ್ ಗೋಡೆ, ಮೇಲೆ ಆರ್‌ಸಿಸಿ. ಅಮೆರಿಕದಲ್ಲಿ ಮರದ ಚೌಕಟ್ಟಿಗೆ ತೆಳು ಬೋರ್ಡ್ ಹೊಡೆದು ಗೋಡೆ ಮಾಡಿ ನೆಲಕ್ಕೆ ಕಾರ್ಪೆಟ್ ಹಾಸಿಕೊಂಡವರು ಬರೆದ ಸಲಹೆ ಓದಿ ಬೆಂಗಳೂರಿನ ಫ್ಲ್ಯಾಟಿನಲ್ಲಿ ಸ್ಪೀಕರ್ ಇಟ್ಟರೆ ಅದೇ ಶಬ್ದ ಹೇಗೆ ಬಂದೀತು? ಹನ್ನೆರಡಕ್ಕೆ ಹದಿನಾಲ್ಕು ಅಡಿ, ಹತ್ತಡಿ ಎತ್ತರದ ಖಾಲಿ ಕೋಣೆ ತಗೊಳ್ಳಿ. ಬಡಿದ ಶಬ್ದದಲ್ಲಿ 100ಕ್ಕೆ 3 ಪಾಲನ್ನು ಮಾತ್ರ ಗೋಡೆ ನುಂಗಿಕೊಳ್ಳುತ್ತದೆ ಅಂತ ಇಟ್ಟುಕೊಂಡರೆ, ಲೆಕ್ಕದ ಪ್ರಕಾರ ಒಂದು ಶಬ್ದ ಪೂರ್ತಿ ಅಡಗುವುದಕ್ಕೆ 3 ಸೆಕೆಂಡಿಗೂ ಜಾಸ್ತಿ ಬೇಕು. ಜನ ತುಂಬಿದ ಮುಸಿಕ್‌ಫೆರೈನ್‌ನಲ್ಲಿ ಅದು ಸುಮಾರು 2 ಸೆಕೆಂಡು! ಖಾಲಿ ಮನೆಗೆ ಹಾಲು ಉಕ್ಕಿಸಲು ಹೋದಾಗ ಮಾತಾಡಿದ್ದೆಲ್ಲ ಗಣಗಣ ಅನ್ನುವುದು ಇದಕ್ಕೇ. ಸಾಮಾನು ಬಂದ ಮೇಲೆ ಕಡಿಮೆಯಾಗುತ್ತದೆ, ಆದರೂ ಸಂಗೀತಕ್ಕೆ ಸಾಲುವಷ್ಟಲ್ಲ.

ಈ ಲೆಕ್ಕ ಕಂಡುಹಿಡಿದದ್ದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಮೇಷ್ಟ್ರು ವಾಲೆಸ್ ಸೇಬಿನ್. 1895ರಲ್ಲಿ ಅಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸದ ಹಾಲ್‌ನಲ್ಲಿ ಒಂದು ಮಾತು ಆಡಿದರೆ ಐದೂವರೆ ಸೆಕೆಂಡು ಮೊಳಗುತ್ತಿತ್ತು, ಮೇಷ್ಟ್ರು ಹೇಳಿದ್ದು ಹುಡುಗರಿಗೆ ಅರ್ಥವೇ ಆಗುತ್ತಿರಲಿಲ್ಲ. ಇದನ್ನು ಸರಿಮಾಡು ಅಂತ ಸೇಬಿನ್‌ಗೆ ವಹಿಸಿದರು. ಅವರು ರಾತ್ರಿ ಹೊತ್ತು ಪಕ್ಕದ ನಾಟಕಶಾಲೆಯ ಸೀಟಿನ ಕುಷನ್‌ಗಳನ್ನು ಹೊತ್ತು ತಂದು ಹಾಲ್‌ನಲ್ಲಿ ಜೋಡಿಸುವುದು, ಆರ್ಗನ್ ಪೈಪ್ ಊದಿಸಿ ಶಬ್ದ ಎಷ್ಟು ಹೊತ್ತಿಗೆ ಅಡಗುತ್ತದೆ ಅಂತ ಗಡಿಯಾರ ಹಿಡಿದು ಅಳೆಯುವುದು, ಬೆಳಗಾಗುವುದರೊಳಗೆ ಕುಷನ್‌ಗಳನ್ನೆಲ್ಲ ವಾಪಸ್ ಇಟ್ಟು ಬರುವುದು, ಹೀಗೆ ವರ್ಷಗಟ್ಟಲೆ ಮಾಡಿದರು. ನನಗೆ ಈ ಕಥೆ ಇಷ್ಟ. ಸಾವಿರಾರು ರೂಪಾಯಿಯ ಕೇಬಲ್ ಕೊಳ್ಳುವ ಮೊದಲು ನಾವೂ ಇವರ ಹಾಗೆ ಒಂದು ರಾತ್ರಿ ಹಾಸಿಗೆ ಹೊರಬೇಕು.

ನಿಜವಾಗಿ ಮಾಡಿ ನೋಡಿ. ಕೂರುವ ಜಾಗದಲ್ಲಿ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಚಪ್ಪಾಳೆಯ ಬಾಲದಲ್ಲಿ 'ಟ್ರ್ರ್' ಅಂತ ತಂತಿ ಮೀಟಿದ ಹಾಗೆ ಕೇಳಿದರೆ ಎದುರುಬದುರು ಗೋಡೆಗಳ ನಡುವೆ ಶಬ್ದ ಚೆಂಡಾಡುತ್ತಿದೆ ಅಂತ ಅರ್ಥ. ಶಬ್ದ ಒಂದಡಿ ಹೋಗಲು ಸುಮಾರು 0.9 ಮಿಲಿಸೆಕೆಂಡು ಬೇಕು. ಸ್ಪೀಕರ್‌ನಿಂದ ಪಕ್ಕದ ಗೋಡೆಗೆ ಬಡಿದು ಬರುವ ದಾರಿ ನೇರ ದಾರಿಗಿಂತ ಮೂರು ನಾಲ್ಕು ಅಡಿ ಉದ್ದ, ಅಂದರೆ ಮೂರು ನಾಲ್ಕು ಮಿಲಿಸೆಕೆಂಡು ತಡವಾಗಿ ಅದೇ ಸ್ವರ ಮತ್ತೊಮ್ಮೆ ಬರುತ್ತದೆ. ಒಳ್ಳೆ ಸಭಾಂಗಣದ ನಡುಸಾಲಿನಲ್ಲಿ ಮೊದಲ ಬಡಿತ ಬರುವುದು 15-20 ಮಿಲಿಸೆಕೆಂಡು ಕಳೆದು. ಮಿದುಳು ಈ ಎರಡನ್ನೂ ಬೇರೆ ಶಬ್ದ ಅಂತ ಎಣಿಸುವುದಿಲ್ಲ, ಆದರೆ ಆ ಅಂತರದಿಂದಲೇ ಜಾಗ ಎಷ್ಟು ದೊಡ್ಡದು ಅಂತ ಅಂದಾಜು ಮಾಡುತ್ತದೆ. ಸಿಡಿ ದೊಡ್ಡ ಹಾಲ್ ಅನ್ನುತ್ತಿರುತ್ತದೆ, ನಿಮ್ಮ ಗೋಡೆ ಅಲ್ಲ ಇದು ಹನ್ನೆರಡಡಿ ರೂಮು ಅನ್ನುತ್ತಿರುತ್ತದೆ.

ಪರಿಹಾರ ದುಬಾರಿ ಅಲ್ಲ. ಸ್ಪೀಕರ್ ಮತ್ತು ನಿಮ್ಮ ನಡುವಿನ ನೆಲಕ್ಕೆ ದಪ್ಪ ಜಮಖಾನ. ಪಕ್ಕದ ಗೋಡೆಗೆ ಯಾರಾದರೂ ಒಂದು ಕನ್ನಡಿ ಹಿಡಿದು ಸರಿಸುತ್ತ ಹೋಗಲಿ, ಕೂತಲ್ಲಿಂದ ಕನ್ನಡಿಯಲ್ಲಿ ಸ್ಪೀಕರ್ ಎಲ್ಲಿ ಕಾಣುತ್ತದೋ ಅಲ್ಲೇ ಶಬ್ದ ಬಡಿಯುವುದು. ಅಲ್ಲಿ ಪುಸ್ತಕ ತುಂಬಿದ ಕಪಾಟು ಅಥವಾ ದಪ್ಪ ಪರದೆ. ಬೆನ್ನ ಹಿಂದಿನ ಗೋಡೆಗೆ ಹಳೇ ಹತ್ತಿ ಹಾಸಿಗೆಯನ್ನು ಒರಗಿಸಿ ಒಂದು ಹಾಡು ಕೇಳಿ, ಆಮೇಲೆ ತೆಗೆದು ಅದೇ ಹಾಡು ಕೇಳಿ. ಮೊಟ್ಟೆಯ ಟ್ರೇ ಅಂಟಿಸಬೇಡಿ. ಅದು ನೋಡಲು ಸ್ಟುಡಿಯೋ ಹಾಗೆ ಕಾಣುತ್ತದೆ ಅಷ್ಟೇ, ತೆಳು ರಟ್ಟು ಏನನ್ನು ನುಂಗೀತು?

ಬೇಸ್, ಅಂದರೆ ತಗ್ಗಿನ ಸ್ವರಗಳು, ಮಾತ್ರ ಇಷ್ಟಕ್ಕೆಲ್ಲ ಬಗ್ಗುವುದಿಲ್ಲ. ಕೋಣೆಯ ಉದ್ದಗಲಕ್ಕೆ ತಕ್ಕ ಹಾಗೆ ಕೆಲವು ಸ್ವರಗಳು ಉಬ್ಬುತ್ತವೆ. ಹದಿನಾಲ್ಕು ಅಡಿಗೆ ಸುಮಾರು 40 ಹರ್ಟ್ಸ್, ಹನ್ನೆರಡಕ್ಕೆ 47, ಹತ್ತಡಿ ಎತ್ತರಕ್ಕೆ 56. ಕೋಣೆ ಚೌಕವಾಗಿದ್ದರೆ ಎರಡು ಉಬ್ಬು ಒಂದೇ ಕಡೆ ಬಿದ್ದು ಇನ್ನೂ ಕಷ್ಟ. ಸಬ್‌ವೂಫರ್ ಡಬ್ ಡಬ್ ಅನ್ನುತ್ತದೆ ಅಂತ ಬಯ್ಯುವವರು ಹೆಚ್ಚಿನ ಸಲ ಬಯ್ಯಬೇಕಾದ್ದು ಅದನ್ನಿಟ್ಟ ಮೂಲೆಯನ್ನು. ಜಾಗ ಬದಲಿಸಿ, ಜೋರು ಕಡಿಮೆ ಮಾಡಿ, ಆಗಲೂ ಆಗದಿದ್ದರೆ ಒಂದು ದೊಡ್ಡದರ ಬದಲು ಎರಡು ಚಿಕ್ಕದನ್ನು ಬೇರೆ ಬೇರೆ ಕಡೆ ಇಡಿ. ಎರಡಿದ್ದರೆ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಿದ್ದು ಕೋಣೆಯೆಲ್ಲ ಹೆಚ್ಚುಕಡಿಮೆ ಸಮ ಆಗುತ್ತದೆ. ಇದು ಸ್ಟೀರಿಯೋಗೂ ಅಷ್ಟೇ, ಸರೌಂಡ್‌ಗೂ ಅಷ್ಟೇ.

ಕೋಣೆ ಇಷ್ಟು ಹದಕ್ಕೆ ಬಂದಮೇಲೆ ಸರೌಂಡ್‌ನ ಮಾತು. ಸಂಗೀತಕ್ಕೆ 5.1 ಹೇಗಿಡಬೇಕು ಅಂತ ಐಟಿಯು ಅನ್ನುವ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆಯ ಒಂದು ಶಿಫಾರಸು ಇದೆ. ಮುಂದಿನ ಎಡ ಬಲ ಸ್ಪೀಕರ್ ತಲಾ 30 ಡಿಗ್ರಿಯಲ್ಲಿ, ಅಂದರೆ ಸ್ಟೀರಿಯೋದಲ್ಲಿ ಇದ್ದ ಜಾಗದಲ್ಲೇ. ನಡುವಿನದು ನೇರ ಎದುರಿಗೆ. ಹಿಂದಿನವು 100ರಿಂದ 120 ಡಿಗ್ರಿ. ಇದನ್ನು ಗಮನಿಸಿ, 90 ಅಂದರೆ ಕಿವಿಯ ನೇರ, 180 ಅಂದರೆ ಬೆನ್ನ ಹಿಂದೆ. 110 ಅಂದರೆ ಪಕ್ಕದಿಂದ ಕೊಂಚ ಹಿಂದೆ, ಸೋಫಾದ ಕೈ ಇರುತ್ತದಲ್ಲ, ಹೆಚ್ಚುಕಡಿಮೆ ಅದರ ಸಾಲಿನಲ್ಲಿ. ಐದೂ ನಿಮ್ಮಿಂದ ಒಂದೇ ದೂರ, ಸಾಧ್ಯವಾದರೆ ಐದೂ ಒಂದೇ ಜಾತಿಯವು. ನನ್ನ ಬೀರುವಿನ ಮೇಲಿನ ಸ್ಪೀಕರ್ ಚಾವಣಿಯ ಮೂಲೆಯಲ್ಲಿತ್ತು. ಅದಕ್ಕೆ ಯಾವ ರೆಕಾರ್ಡಿಂಗ್ ಎಂಜಿನಿಯರೂ ಏನೂ ಬರೆದಿರಲಿಲ್ಲ. ಇನ್ನು ಆ '.1' ಅನ್ನುವುದು ಬೇಸ್ ಚಾನೆಲ್ ಅಲ್ಲ, ಸಿನಿಮಾದ ಸ್ಫೋಟ ಭೂಕಂಪಗಳಿಗೆ ಇಟ್ಟ ಹೆಚ್ಚುವರಿ ಚಾನೆಲ್. ಸಂಗೀತದ ಬೇಸ್ ಉಳಿದ ಐದರಲ್ಲೇ ಇರುತ್ತದೆ, ಸ್ಪೀಕರ್ ಚಿಕ್ಕದಾದರೆ ಆಂಪ್ಲಿಫಯರ್ ಅದನ್ನು ತೆಗೆದು ಸಬ್‌ವೂಫರ್‌ಗೆ ಕೊಡುತ್ತದೆ.

ಈಗ ಅಸಲು ಪ್ರಶ್ನೆ, ಹಿಂದಿನ ಸ್ಪೀಕರ್‌ಗೆ ಏನು ಹಾಕುತ್ತಾರೆ? ಇದರಲ್ಲಿ ಎರಡು ಪಂಥ ಇದೆ. ಒಂದು ಪಂಥದವರು ನಿಮ್ಮನ್ನು ಸಭೆಯಲ್ಲಿ ಕೂರಿಸುತ್ತಾರೆ. ವಾದ್ಯಗಳೆಲ್ಲ ಮುಂದೆ, ಹಿಂದೆ ಬರೀ ಹಾಲ್‌ನ ನಾದ. ಇನ್ನೊಂದು ಪಂಥದವರು ಎತ್ತಿ ವೇದಿಕೆಯ ನಡುವೆ ಕೂರಿಸುತ್ತಾರೆ, ಬೆನ್ನ ಹಿಂದೆ ಡ್ರಮ್ಸ್, ಎಡಗಿವಿಯ ಪಕ್ಕ ಗಿಟಾರ್. 1970ರ ದಶಕದಲ್ಲಿ ಕ್ವಾಡ್ರಫೋನಿಕ್ ಅಂತ ನಾಲ್ಕು ಸ್ಪೀಕರ್‌ನ ಪದ್ಧತಿ ಬಂದಾಗ ಈ ಎರಡನೆಯದೇ ಜಾಸ್ತಿ ಕೇಳಿಸಿತು. ಸಿಬಿಎಸ್‌ನದು ಒಂದು ವಿಧ, ಸಾನ್ಸುಯಿಯದು ಇನ್ನೊಂದು, ಜೆವಿಸಿಯದು ಮತ್ತೊಂದು, ಒಂದರ ರೆಕಾರ್ಡು ಇನ್ನೊಂದರ ಯಂತ್ರದಲ್ಲಿ ಸರಿಯಾಗಿ ನುಡಿಯುತ್ತಿರಲಿಲ್ಲ. ನಾಲ್ಕು ಚಾನೆಲನ್ನು ಆ ಎರಡು ಗೋಡೆಯ ಗೀರಿನೊಳಗೇ ತುರುಕಬೇಕಿತ್ತು ಬೇರೆ. ದಶಕ ಮುಗಿಯುವುದರೊಳಗೆ ಅದೂ ಮುಗಿಯಿತು. 1999ರಲ್ಲಿ ಸೂಪರ್ ಆಡಿಯೋ ಸಿಡಿ, ಮರುವರ್ಷ ಡಿವಿಡಿ-ಆಡಿಯೋ ಬಂದ ಮೇಲೆ ಮೊದಲ ಪಂಥದವರಿಗೆ ಕಾಲ ಬಂತು. ಬಿಐಎಸ್, ಪೆಂಟಾಟೋನ್, ಚಾನೆಲ್ ಕ್ಲಾಸಿಕ್ಸ್‌ನಂಥ ಯುರೋಪಿನ ಚಿಕ್ಕ ಕಂಪನಿಗಳು ಆರ್ಕೆಸ್ಟ್ರಾ, ಕೋರಸ್, ಆರ್ಗನ್ ಸಂಗೀತವನ್ನು ಐದು ಚಾನೆಲ್‌ನಲ್ಲಿ ಹಿಡಿದಿವೆ. ಸ್ನೇಹಿತರೊಬ್ಬರ ಮನೆಯಲ್ಲಿ ಇಂಥ ಒಂದು ಚರ್ಚ್ ಆರ್ಗನ್ ಡಿಸ್ಕ್ ಕೇಳಿದ ದಿನವೇ ನನ್ನ ಹಳೇ ತೀರ್ಮಾನ ಬಿದ್ದುಹೋಗಿದ್ದು. ಹಿಂದಿನ ಸ್ಪೀಕರ್ ನುಡಿಯುತ್ತಿದೆ ಅಂತಲೇ ಗೊತ್ತಾಗಲಿಲ್ಲ. ಅವರು ರಿಮೋಟ್ ಒತ್ತಿ ಸ್ಟೀರಿಯೋಗೆ ತಂದಾಗ ಕಲ್ಲಿನ ಆ ದೊಡ್ಡ ಕಟ್ಟಡ ಮಡಚಿಕೊಂಡು ಎರಡು ಸ್ಪೀಕರ್ ನಡುವೆ ಹೋಗಿ ಸೇರಿತು. ಅಂಥ ಸಂಗೀತಕ್ಕೆ ಸರೌಂಡ್ ನಿಸ್ಸಂಶಯವಾಗಿ ಮೇಲು. ಸ್ಟೀರಿಯೋ ಎಷ್ಟೇ ದುಬಾರಿ ಆಗಲಿ ಆ ಕೆಲಸ ಮಾಡಲಾರದು.

ಈಗೀಗ ಎಲ್ಲರ ಬಾಯಲ್ಲೂ ಅಟ್ಮಾಸ್, ಡಾಲ್ಬಿ ಕಂಪನಿಯ ಹೊಸ ಸರೌಂಡ್ ಪದ್ಧತಿ. 2012ರಲ್ಲಿ ಸಿನಿಮಾಕ್ಕೆ ಬಂತು, 2019ರ ಹೊತ್ತಿಗೆ ಸಂಗೀತಕ್ಕೆ, 2021ರ ಜೂನ್‌ನಲ್ಲಿ ಆ್ಯಪಲ್ ಮ್ಯೂಸಿಕ್‌ಗೆ. ಇದರಲ್ಲಿ ಈ ಶಬ್ದ ಈ ಸ್ಪೀಕರ್‌ಗೆ ಅಂತ ಬರೆಯುವ ಬದಲು ಈ ಶಬ್ದ ಕೋಣೆಯ ಈ ಜಾಗದಲ್ಲಿ ಇರಬೇಕು ಅಂತ ಬರೆಯಬಹುದು, ನಿಮ್ಮ ಹತ್ತಿರ ಇರುವ ಸ್ಪೀಕರ್ ನೋಡಿಕೊಂಡು ಆಂಪ್ಲಿಫಯರ್ ಹಂಚುತ್ತದೆ. ಉಪಾಯ ಚೆನ್ನಾಗಿದೆ. ಆದರೆ ಆ್ಯಪಲ್ ಮ್ಯೂಸಿಕ್‌ನಲ್ಲಿ ಅಷ್ಟೂ ಚಾನೆಲ್ ಸೇರಿ ಬರುವುದು ಹೆಚ್ಚೆಂದರೆ ಸೆಕೆಂಡಿಗೆ 768 ಕಿಲೋಬಿಟ್. ಎರಡೇ ಚಾನೆಲ್‌ನ ಸಾದಾ ಸಿಡಿ 1411. ಅಷ್ಟಕ್ಕೇ ಕೆಟ್ಟದು ಅನ್ನುವುದಿಲ್ಲ, ಒಳ್ಳೆಯದಾಗಿ ಮಿಕ್ಸ್ ಮಾಡಿದ್ದು ಒಳ್ಳೆಯದಾಗೇ ಕೇಳಿಸುತ್ತದೆ. ಹಳೇ ಹಾಡುಗಳನ್ನು ಅವಸರದಲ್ಲಿ ಅಟ್ಮಾಸ್ ಮಾಡಿದ್ದರಲ್ಲಿ ಮಾತ್ರ ಹಾಡುವವರ ದನಿ ಒಂದು ಕಡೆ, ತಾಳ ಇನ್ನೊಂದು ಕಡೆ ತೇಲಿಕೊಂಡು ಹೋಗಿ ಹಾಡಿನ ಕಟ್ಟೇ ಬಿಚ್ಚಿಹೋದ ಹಾಗೆ ನನಗೆ ಅನ್ನಿಸಿದ್ದುಂಟು. ಹೆಡ್‌ಫೋನ್‌ನಲ್ಲಿ ಅಟ್ಮಾಸ್ ಕೇಳುವುದು ಇನ್ನೂ ಬೇರೆ ಕಥೆ, ಅಲ್ಲಿ ಸಾಮಾನ್ಯವಾಗಿ ಯಾರದೋ ಕಿವಿಯ ಅಳತೆಗೆ ಲೆಕ್ಕ ಹಾಕಿರುತ್ತಾರೆ, ನಿಮ್ಮ ಕಿವಿಗೆ ಹೊಂದಿದರೆ ಅದೃಷ್ಟ.

ನಮ್ಮ ಸಂಗೀತದ ವಿಷಯಕ್ಕೆ ಬಂದರೆ ಈ ಚರ್ಚೆ ಬೇಗ ಮುಗಿಯುತ್ತದೆ. ನಾವು ಕೇಳುವ ಕಛೇರಿ, ಭಾವಗೀತೆ, ಚಿತ್ರಗೀತೆಗಳಲ್ಲಿ ಹೆಚ್ಚುಪಾಲು ಸ್ಟೀರಿಯೋ. ಹಳೆಯದಾದರೆ ಮೋನೋ, ಅಂದರೆ ಒಂದೇ ಚಾನೆಲ್. ಆಕಾಶವಾಣಿಯ ಹಳೇ ಧ್ವನಿಮುದ್ರಣ, ಪಿ.ಬಿ. ಶ್ರೀನಿವಾಸ್ ಅವರ 60ರ ದಶಕದ ಹಾಡು, ಇವಕ್ಕೆ ಐದು ಸ್ಪೀಕರ್ ಹಚ್ಚಿ ಏನು ಮಾಡುವುದು? ಆದರೆ ಮೋನೋ ಹಾಡಿನಿಂದ ಒಂದು ದೊಡ್ಡ ಉಪಕಾರ ಇದೆ. ನಡುವೆ ಕೂತು ಕೇಳಿ. ದನಿ ನಟ್ಟನಡುವೆ, ಒಂದು ಮುಖದಷ್ಟು ಅಗಲದಲ್ಲಿ ನಿಲ್ಲಬೇಕು. ಒಂದು ಕಡೆ ವಾಲಿದರೆ ಸ್ಪೀಕರ್ ದೂರ ಸರಿಯಿಲ್ಲ. ದನಿ ಎಲ್ಲಿದೆ ಅಂತಲೇ ತಿಳಿಯದೆ ತಲೆಯ ಸುತ್ತ ಹರಡಿಕೊಂಡರೆ ಒಂದು ಸ್ಪೀಕರ್‌ನ ಕೆಂಪು ಕಪ್ಪು ವೈರು ಅದಲುಬದಲು ಆಗಿದೆ. ಎಷ್ಟು ಮನೆಗಳಲ್ಲಿ ಹೀಗಿರುತ್ತದೆ ಅಂದರೆ ನಂಬುವುದಿಲ್ಲ. ಹಳೇ ಹಾಡಿಗೆ ಆಮೇಲೆ ಸುಳ್ಳು ಸ್ಟೀರಿಯೋ ಹಚ್ಚಿದ ಪ್ರತಿಗಳೂ ಇವೆ, ಅವುಗಳಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ.

ಇನ್ನೊಂದು ಮಾತು ಹೇಳಿದರೆ ಜಗಳ ಆಗಬಹುದು. ಸ್ಪೀಕರ್‌ನಲ್ಲಿ ಅಸಲಿ ಕಛೇರಿಯ ಹಾಗೇ ಕೇಳಬೇಕು ಅನ್ನುತ್ತೇವಲ್ಲ, ಅಸಲಿ ಕಛೇರಿ ಹೇಗಿರುತ್ತದೆ? ಚಾಮರಾಜಪೇಟೆಯ ರಾಮನವಮಿ ಚಪ್ಪರದಲ್ಲಿ ನಾವು ಕೇಳುವುದು ಮೈಕಿನಿಂದ ಬಂದದ್ದು. ಸಭೆಗಳಲ್ಲಿ ಸಾಮಾನ್ಯವಾಗಿ ಎರಡೂ ಕಡೆಯ ದೊಡ್ಡ ಬಾಕ್ಸ್‌ನಿಂದ ಬರುವುದು ಒಂದೇ ಶಬ್ದ, ಪಿಟೀಲು ಬಲಕ್ಕೆ ಮೃದಂಗ ಎಡಕ್ಕೆ ಅಂತ ಗೊತ್ತಾಗುವುದು ಕಣ್ಣಿನಿಂದ. ಮನೆಯ ಸ್ಟೀರಿಯೋ ಆ ಲೆಕ್ಕದಲ್ಲಿ ಸಭೆಗಿಂತ ಒಂದು ಕೈ ಮೇಲೇ. ನನ್ನ ಮಟ್ಟಿಗೆ ಅಸಲಿ ಅಂದರೆ ಯಾರದೋ ಮನೆಯ ಹಜಾರದಲ್ಲಿ ಮೈಕಿಲ್ಲದೆ, ಐದಾರು ಅಡಿ ದೂರದಲ್ಲಿ ಕೂತು ಕೇಳಿದ ಕಛೇರಿ. ಆ ಹತ್ತಿರದ ಶಬ್ದಕ್ಕೆ ಎರಡು ಒಳ್ಳೆ ಸ್ಪೀಕರ್ ಸಾಕು. ಒಂದು ತಂಬೂರಿ ಬಿಟ್ಟು. ತಂಬೂರಿಯ ಶ್ರುತಿ ಹಜಾರದಲ್ಲಿ ಎಲ್ಲಿಂದ ಬರುತ್ತಿದೆ ಅಂತ ಬೆರಳು ತೋರಿಸಲು ಆಗುವುದಿಲ್ಲ, ಗಾಳಿಯಲ್ಲೇ ಇರುತ್ತದೆ. ಸ್ಟೀರಿಯೋದಲ್ಲಿ ಅದು ಎದುರಿಗೆ ಹೋಗಿ ನಿಲ್ಲುತ್ತದೆ.

ಅದಕ್ಕೊಂದು ಹಳೇ ಉಪಾಯ ಇದೆ. ಎಡ ಚಾನೆಲ್‌ನಿಂದ ಬಲ ಚಾನೆಲನ್ನು ಕಳೆಯಿರಿ. ಎರಡರಲ್ಲೂ ಒಂದೇ ಥರ ಇರುವುದು, ಅಂದರೆ ನಡುವೆ ನಿಂತ ಹಾಡು, ಹೋಗಿಬಿಡುತ್ತದೆ. ಕರೋಕೆಗೆ ದನಿ ತೆಗೆಯುವ ಹಳೇ ಪದ್ಧತಿ ಇದೇ. ಉಳಿಯುವುದು ಎರಡರಲ್ಲೂ ಬೇರೆ ಬೇರೆ ಇರುವ ಶಬ್ದ: ಅಂಚಿನ ವಾದ್ಯಗಳು, ಜಾಗದ ನಾದ, ಚಪ್ಪಾಳೆ, ಸ್ಟೀರಿಯೋದಲ್ಲಿ ಅಗಲವಾಗಿ ಹಿಡಿದಿದ್ದರೆ ತಂಬೂರಿ. ಇದನ್ನು ಮೆಲ್ಲಗೆ ಹಿಂದಿನ ಸ್ಪೀಕರ್‌ಗೆ ಕೊಟ್ಟರೆ ರೆಕಾರ್ಡಿನಲ್ಲೇ ಅಡಗಿದ್ದ ಜಾಗ ಹೊರಗೆ ಬರುತ್ತದೆ. 1970ರ ಸುಮಾರಿಗೆ ಅಮೆರಿಕದ ಆಡಿಯೋ ಎಂಜಿನಿಯರ್ ಡೇವಿಡ್ ಹಾಫ್ಲರ್ ಬೇರೆ ಆಂಪ್ಲಿಫಯರೇ ಇಲ್ಲದೆ, ಹಿಂದಿನ ಎರಡು ಸ್ಪೀಕರನ್ನು ಆಂಪ್ಲಿಫಯರ್‌ನ ಎರಡು ಕೆಂಪು ತುದಿಗಳ ನಡುವೆ ಜೋಡಿಸಿ ಇದನ್ನು ಮಾಡುವುದು ತೋರಿಸಿಕೊಟ್ಟರು. ಈಗಿನ ಎಷ್ಟೋ ಡಿಜಿಟಲ್ ಆಂಪ್ಲಿಫಯರ್‌ಗಳಲ್ಲಿ ಹೀಗೆ ಜೋಡಿಸಿದರೆ ಸುಟ್ಟುಹೋಗಬಹುದು, ಒಳಗಿನ ಸರ್ಕ್ಯೂಟ್ ಗೊತ್ತಿಲ್ಲದಿದ್ದರೆ ಕೈ ಹಾಕಬೇಡಿ. ಕೆಲವು ವರ್ಷದ ಹಿಂದಿನ ಸರೌಂಡ್ ಆಂಪ್ಲಿಫಯರ್‌ಗಳಲ್ಲಿರುವ ಡಾಲ್ಬಿ ಪ್ರೋ ಲಾಜಿಕ್ ಬಟನ್ ಇದೇ ಕೆಲಸವನ್ನು ಇನ್ನಷ್ಟು ಜಾಣತನದಿಂದ ಮಾಡುತ್ತದೆ. ನಾನು ಅವತ್ತು ಒತ್ತಿದ್ದ 'ಹಾಲ್' ಮೋಡ್ ಬೇರೆ. ಅದು ರೆಕಾರ್ಡಿನಲ್ಲಿ ಇಲ್ಲದ ಮೊಳಗನ್ನು ತಾನೇ ತಯಾರಿಸಿ ಸೇರಿಸುತ್ತದೆ. 'ಮಲ್ಟಿ ಚಾನೆಲ್ ಸ್ಟೀರಿಯೋ' ಎಲ್ಲ ಸ್ಪೀಕರ್‌ಗೂ ಒಂದೇ ಹಾಡು ತುಂಬುತ್ತದೆ, ಹುಟ್ಟುಹಬ್ಬಕ್ಕೆ ಸರಿ. ಒಂದೇ ರಿಮೋಟಿನಲ್ಲಿ ಅಕ್ಕಪಕ್ಕ ಇರುವ ಈ ಮೂರಕ್ಕೂ ಜನ ಸರೌಂಡ್ ಅಂತಲೇ ಕರೆಯುತ್ತಾರೆ.

ದುಡ್ಡಿನ ಲೆಕ್ಕ ಸರಳ. ಒಂದು ಲಕ್ಷ ಇದೆ ಅಂದುಕೊಳ್ಳಿ. ಅದರಲ್ಲಿ ಎರಡು ಸ್ಪೀಕರ್, ಒಂದು ಆಂಪ್ಲಿಫಯರ್ ಕೊಂಡರೆ ಒಂದೊಂದಕ್ಕೂ ಒಳ್ಳೆಯದು ಸಿಗುತ್ತದೆ. ಅದೇ ಹಣವನ್ನು ಐದು ಸ್ಪೀಕರ್, ಸಬ್‌ವೂಫರ್, ಏಳು ಚಾನೆಲ್‌ನ ರಿಸೀವರ್‌ಗೆ ಹಂಚಿದರೆ ಎಲ್ಲವೂ ಸಾಧಾರಣ. ಮೊದಲು ಎರಡು ಒಳ್ಳೆಯದನ್ನೇ ಕೊಳ್ಳಿ, ಆದರೆ ಅದೇ ಸರಣಿಯಲ್ಲಿ ಸೆಂಟರ್ ಸ್ಪೀಕರ್ ಕೂಡ ಸಿಗುವಂಥದ್ದು ನೋಡಿ. ಮುಂದೆ ಆರ್ಕೆಸ್ಟ್ರಾದ ಹುಚ್ಚು ಹತ್ತಿದರೆ, ಅಥವಾ ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ಕೂತು ಕೇಳುವವರಿದ್ದರೆ, ಆಮೇಲೆ ಸೇರಿಸಿಕೊಳ್ಳಬಹುದು. ಮಿಕ್ಕಿದ ಐದು ಸಾವಿರಕ್ಕೆ ಜಮಖಾನ ಮತ್ತು ಪರದೆ.

ನನ್ನ ಹಿಂದಿನ ಸ್ಪೀಕರ್‌ಗಳು ಈಗ ಸೋಫಾದ ಎರಡೂ ಪಕ್ಕ, ಸ್ಟೂಲಿನ ಮೇಲೆ, ಕಿವಿಯ ಎತ್ತರದಲ್ಲಿವೆ. ವಾರದಲ್ಲಿ ಆರು ದಿನ ಸುಮ್ಮನಿರುತ್ತವೆ. ಬೀರುವಿನ ಮೇಲೆ ಅವುಗಳಲ್ಲೊಂದು ಇದ್ದ ಜಾಗದಲ್ಲಿ ದಪ್ಪ ರಗ್ಗುಗಳನ್ನು ಮಡಚಿ ಚಾವಣಿ ಮುಟ್ಟುವ ತನಕ ಒಟ್ಟಿದ್ದೇವೆ. ಚಪ್ಪಾಳೆ ಹೊಡೆದರೆ ಆ ಮೂಲೆಯಿಂದ ಈಗ ಏನೂ ವಾಪಸ್ ಬರುವುದಿಲ್ಲ.